ಪಿಯುಸಿಯ ಎರಡು ವರ್ಷ ತಂಬೂರಿಗೆ ಗವಸು ಹಾಕಿಡಬೇಕೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಧಾರವಾಡದ ಸಂಗೀತ ಪಾಠದ ಮನೆಗಳಲ್ಲಿ ಚಾಪೆಗಳು ಖಾಲಿಯಾಗುತ್ತವೆ, ಸಪ್ತಾಪುರದ ಹಾಸ್ಟೆಲ್‌ಗಳು ತುಂಬುತ್ತವೆ. ರೋಣ, ನರಗುಂದ, ಸವಣೂರು, ರಾಣೆಬೆನ್ನೂರುಗಳಿಂದ ಹಾಸಿಗೆ ಸುರುಳಿ ಹೊತ್ತು ಬಂದಿಳಿಯುವ ಮಕ್ಕಳಲ್ಲಿ ನಾಲ್ಕಾರು ವರ್ಷ ಹಾಡು ಕಲಿತವರಿರುತ್ತಾರೆ, ತಬಲಾ ಬಾರಿಸುವವರಿರುತ್ತಾರೆ. ಬಹಳ ಮಂದಿ ಪಿಸಿಎಂಬಿ ತೆಗೆದುಕೊಂಡಿರುತ್ತಾರೆ. ವಿಜ್ಞಾನಕ್ಕೆ ಸೇರಿದವರು ಪಿಯುಸಿ ಮುಗಿಯುವವರೆಗೆ ಸಂಗೀತದ ಪಾಠ ನಿಲ್ಲಿಸುವುದು ಸರಿಯೇ ಎಂಬುದು ಇಲ್ಲಿನ ಪ್ರಶ್ನೆ. ನಿಲ್ಲಿಸಲಿ ಎನ್ನುತ್ತಿರುವವರು ಸಂಗೀತ ಶಿಕ್ಷಕಿ. ಕೂಡದು ಎನ್ನುತ್ತಿರುವವರು ಭೌತವಿಜ್ಞಾನದ ಉಪನ್ಯಾಸಕರು. ಅಚ್ಚಿನಲ್ಲಿ ಅದಲುಬದಲಾಗಿಲ್ಲ.

ಪರ
ನಿಲ್ಲಿಸಲಿ, ಅರೆಮನಸ್ಸಿನ ಹಾಡು ಬೇಡ
(ಮಾಳಮಡ್ಡಿಯಲ್ಲಿ ಹಿಂದುಸ್ತಾನಿ ಗಾಯನ ಕಲಿಸುವ ಶಿಕ್ಷಕಿ)

"ಅಕ್ಕಾರೇ, ವಾರಕ್ಕೊಂದು ದಿನವಾದರೂ ಬಂದು ಹೋಗಲಿ, ಪೂರ್ತಿ ಬಿಟ್ಟುಹೋಗದಿದ್ದರೆ ಸಾಕು" ಎಂದು ಪಾಲಕರು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕಂಠ ಈ ಕರಾರಿಗೆ ಒಪ್ಪುವುದಿಲ್ಲ. ವಾರಕ್ಕೊಮ್ಮೆ ಬರುವ ಹುಡುಗಿಗೆ ನಾನು ಹೊಸದೇನನ್ನೂ ಕಲಿಸುವುದಿಲ್ಲ, ಹೋದ ವಾರದ್ದನ್ನು ರಿಪೇರಿ ಮಾಡಿ ಕಳಿಸುತ್ತೇನೆ. ಮುಂದಿನ ವಾರ ಮತ್ತೆ ಅದೇ ರಿಪೇರಿ.

ಸಂಜೆ ಏಳೂವರೆಗೆ ಬರುತ್ತಾಳೆ ಎನ್ನಿ. ನಸುಕಿಗೆ ಎದ್ದು ಕೋಚಿಂಗ್, ಆಮೇಲೆ ಕಾಲೇಜು, ಇಳಿಹೊತ್ತಿಗೆ ಮತ್ತೆ ಕೋಚಿಂಗ್ ಮುಗಿಸಿಕೊಂಡು ಬಂದ ಮಗು. ಹೆಗಲ ಚೀಲ ಇಳಿಸಿ ಚಾಪೆಯ ಮೇಲೆ ಕುಳಿತರೆ ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ. ಯಮನ್ ರಾಗ ಹಾಡಿಸುತ್ತೇನೆ. ಯಮನ್‌ನ ನಿಷಾದ, ಅಂದರೆ ನಿ ಸ್ವರ, ಮೇಲೇರಿ ತಾರ ಷಡ್ಜದ (ಮೇಲಿನ ಸಾ) ಅಂಚಿಗೆ ತಾಗಿಕೊಂಡು ನಿಲ್ಲಬೇಕು. ದಣಿದ ಕಂಠದಲ್ಲಿ ಅದು ಕೂದಲೆಳೆಯಷ್ಟು ಕೆಳಗೇ ಕೂಡುತ್ತದೆ. ಹುಡುಗಿಗೆ ಅದು ಕೇಳಿಸುತ್ತದೆ. ಕಲಿತ ಕಿವಿ, ಕೇಳಿಸದೆ ಇರುತ್ತದೆಯೇ? ನನ್ನ ಮುಖ ನೋಡುತ್ತಾಳೆ, ಇನ್ನೊಮ್ಮೆ ಹಚ್ಚುತ್ತಾಳೆ, ಮತ್ತೆ ಇಳಿಯುತ್ತದೆ. ಮೂರನೆಯ ಸಲಕ್ಕೆ ಕಣ್ಣು ತುಂಬಿಕೊಳ್ಳುತ್ತದೆ. ತನ್ನ ಸ್ವರ ಇಳಿದಿದೆ ಎಂದು ಗೊತ್ತಿದ್ದೂ ಎತ್ತಲಾಗದ ಈ ಸಂಕಟಕ್ಕೆ ಅವಳನ್ನು ಪ್ರತಿ ವಾರ ಕರೆದು ಕೂರಿಸುವುದು ನನಗೆ ಒಗ್ಗುವುದಿಲ್ಲ.

ನಮ್ಮ ಪದ್ಧತಿಯಲ್ಲಿ ರಾಗಕ್ಕೆ ಹೊತ್ತಿದೆ. ಭೈರವ, ಅಹಿರ್ ಭೈರವ ನಸುಕಿನವು. ಬಿಸಿಲೇರಿದ ಮೇಲೆ ತೋಡಿ. ನಡುಹಗಲಿಗೆ ಸಾರಂಗ. ಈ ಹೊತ್ತುಗಳೆಲ್ಲ ಈಗ ಕೋಚಿಂಗ್‌ನವರ ಪಾಲು. ಭಾನುವಾರ ಬೆಳಗ್ಗೆಯಾದರೂ ಬಾ ಎಂದರೆ ಅಂದು ಟೆಸ್ಟ್ ಇರುತ್ತದೆ. ಹೀಗಾಗಿ ಎರಡು ವರ್ಷ ಅವಳು ಯಮನ್, ಭೂಪ, ಬಿಹಾಗ್ ಎಂದು ರಾತ್ರಿಯ ರಾಗಗಳಲ್ಲೇ ಗಾಣ ಸುತ್ತುತ್ತಾಳೆ. ಹಗಲಿನ ಅರ್ಧ ಸಂಗೀತ ಅವಳ ಪಾಲಿಗೆ ಇಲ್ಲವೇ ಇಲ್ಲ. ಕೆಳಗಿನ ಸ್ವರಗಳ ಅಭ್ಯಾಸ, ಮಂದ್ರ ಸಾಧನೆಯಂತೂ ಕನಸು. ಹಾಸ್ಟೆಲ್‌ನ ಕೋಣೆಯಲ್ಲಿ ಐದು ಗಂಟೆಗೆ ಮಂದ್ರ ಷಡ್ಜ ಹಿಡಿದು ಕುಳಿತರೆ ಪಕ್ಕದ ಮಂಚದವಳು ವಾರ್ಡನ್ ಹತ್ತಿರ ಹೋಗುತ್ತಾಳೆ. ಹೋಗುವುದರಲ್ಲಿ ತಪ್ಪೂ ಇಲ್ಲ. ಅವಳಿಗೂ ನಿದ್ದೆ ಬೇಕು.

ಪಾಲಕರನ್ನು ಬೈಯುವುದು ಧಾರವಾಡದ ವಿಚಾರವಂತರಿಗೆ ಬಹಳ ಇಷ್ಟದ ಕೆಲಸ. ನಾನು ಬೈಯಲಾರೆ. ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆ, 180 ನಿಮಿಷ. ಸರಿಯಾದರೆ 4 ಅಂಕ, ತಪ್ಪಿದರೆ 1 ಕಡಿತ, ಒಟ್ಟು 720. ಎಂಜಿನಿಯರಿಂಗ್‌ಗೆ ಹೋಗುವವರಿಗೆ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಭಾಗ ಪಿಯುಸಿ ಅಂಕಗಳದ್ದು, ಆದ್ದರಿಂದ ಕಾಲೇಜಿನ ಪರೀಕ್ಷೆಯನ್ನೂ ಉದಾಸೀನ ಮಾಡುವಂತಿಲ್ಲ. ಉಳ್ಳಾಗಡ್ಡಿಯ ದರ ಬಿದ್ದ ವರ್ಷವೂ ಹಾಸ್ಟೆಲ್ ಫೀಸು ಹೊಂದಿಸಿ ಕಟ್ಟಿದ ನರಗುಂದದ ಕಡೆಯ ರೈತನಿಗೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮಗಳಿಗೆ ಸೀಟು ಸಿಗುವುದಕ್ಕೂ, ಮ್ಯಾನೇಜ್‌ಮೆಂಟ್ ಸೀಟಿಗೆ ಹೊಲ ಮಾರುವುದಕ್ಕೂ ನಡುವೆ ಇರುವುದು ಕೆಲವೇ ಅಂಕ. ಅವನ ಮುಂದೆ ಕುಳಿತು "ಕಲೆ ದೊಡ್ಡದು ಯಜಮಾನರೇ" ಎಂದು ಉಪದೇಶ ಮಾಡಲು ನನ್ನ ನಾಲಿಗೆ ಏಳುವುದಿಲ್ಲ. ಪಾಠದ ಫೀಸನ್ನು ಎಣಿಸಿ ತೆಗೆದುಕೊಳ್ಳುವವಳು ನಾನು.

ಇನ್ನು ದೊಡ್ಡವರ ಹೆಸರು ಹೇಳಿ ಹುರಿದುಂಬಿಸುವ ಚಟ. ನಮ್ಮ ಊರಿನ ಮಗು, ಭೀಮಸೇನ ಜೋಶಿಯವರ ನಾಡಿನ ಮಗು, ಎರಡನ್ನೂ ಮಾಡುತ್ತದೆ ಎನ್ನುತ್ತಾರೆ. ರೋಣದಲ್ಲಿ ಹುಟ್ಟಿದ ಭೀಮಸೇನರು 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕುತ್ತ ಗದಗದ ಮನೆ ಬಿಟ್ಟು ಹೋದವರು. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗಲೇ ನಾಟಕ ಕಂಪನಿ ಸೇರಿದವರು. ಗಾಯಕ ವೆಂಕಟೇಶಕುಮಾರರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ವರ್ಷಗಟ್ಟಲೆ ಇದ್ದು ಕಲಿತವರು. ಇವರಲ್ಲಿ ಯಾರು ಎರಡು ದೋಣಿಯಲ್ಲಿ ಕಾಲಿಟ್ಟರು ಹೇಳಿ ನೋಡೋಣ. ಹೆಸರು ಹೇಳುವುದಾದರೆ ಅವರು ತೆತ್ತ ಬೆಲೆಯನ್ನೂ ಹೇಳಬೇಕು.

ಅಶ್ವಿನಿ ಭಿಡೆ-ದೇಶಪಾಂಡೆ ಇಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದ್ದಾರೆ, ಜೀವರಸಾಯನದಲ್ಲಿ ಡಾಕ್ಟರೇಟ್ ಪಡೆದ ಜೈಪುರ ಘರಾನೆಯ ಗಾಯಕಿ. ಅವರ ತಾಯಿ ಮಾಣಿಕ್ ಭಿಡೆ ಸ್ವತಃ ದೊಡ್ಡ ಗಾಯಕಿ, ಮಗಳಿಗೆ ಗುರು. ಅಡುಗೆಮನೆಯಿಂದಲೇ ಸ್ವರ ತಿದ್ದುವ ತಾಯಿಯಿದ್ದ ಮನೆಗೂ, ಎಂಟು ಮಂಚದ ಹಾಸ್ಟೆಲ್ ಕೋಣೆಗೂ ಹೋಲಿಕೆ ಎಲ್ಲಿಂದ ಬಂತು?

ಹಾಗೆಂದು ಬಿಟ್ಟೇಬಿಡು ಎನ್ನುತ್ತಿಲ್ಲ. ನಿಲ್ಲಿಸುವುದಕ್ಕೂ ಒಂದು ರೀತಿಯಿದೆ. ಕೈಯಲ್ಲಿರುವ ಬಂದೀಶನ್ನು (ರಾಗದ ಹಾಡನ್ನು) ಪೂರ್ತಿ ಕಲಿತು, ಗುರುವಿಗೆ ಹೇಳಿ, ನಮಸ್ಕಾರ ಮಾಡಿ ಹೋಗಬೇಕು. ಈಗ ನಡೆಯುತ್ತಿರುವುದು ಬೇರೆ. ಮೊದಲು ಎರಡು ಪಾಠ ತಪ್ಪುತ್ತವೆ, ಆಮೇಲೆ ತಾಯಿಯ ವಾಟ್ಸ್ಆ್ಯಪ್ ಬರುತ್ತದೆ, ಆಮೇಲೆ ಅದೂ ಇಲ್ಲ. ದಾರಿಯಲ್ಲಿ ಸಿಕ್ಕರೆ ಮಗು ತಲೆ ತಗ್ಗಿಸಿಕೊಂಡು ಚಿಗರಿ ಬಸ್ಸಿನ ನಿಲ್ದಾಣದೊಳಗೆ ನುಗ್ಗುತ್ತದೆ. ಆ ನಾಚಿಕೆಯೇ ಮುಂದೆ ಅವಳನ್ನು ನನ್ನ ಮನೆಯ ಮೆಟ್ಟಿಲು ಹತ್ತಗೊಡುವುದಿಲ್ಲ. ಎರಡು ವರ್ಷದ ಅಂತರ ಆ ಕೆಲಸ ಮಾಡುವುದಿಲ್ಲ. ನೀಟ್ ಮುಗಿಯುವುದು ಮೇ ತಿಂಗಳಲ್ಲಿ. ಮಾರನೆಯ ವಾರ ಬಂದು ಷಡ್ಜದಿಂದ ಶುರು ಮಾಡಲಿ. ಒಂದು ಮಳೆಗಾಲ ಕಂಠ ಬಿಗಿದಿರುತ್ತದೆ, ದೀಪಾವಳಿಯ ಹೊತ್ತಿಗೆ ಬಿಡುತ್ತದೆ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಮಧ್ಯಮಾ ಪರೀಕ್ಷೆ ಎರಡು ವರ್ಷ ತಡವಾದರೆ ಯಾರ ಗಂಟೂ ಹೋಗುವುದಿಲ್ಲ. (ನಿಜ ಹೇಳಬೇಕೆಂದರೆ, ಪಾಠಕ್ಕಿಂತ ಪ್ರಮಾಣಪತ್ರ ಯಾವಾಗ ಬರುತ್ತದೆ ಎಂದು ಕೇಳುವ ಪಾಲಕರ ಕಾಟ ಅಷ್ಟು ದಿನ ತಪ್ಪಿದರೆ ನನಗೂ ನೆಮ್ಮದಿಯೇ.)

ಈ ಎರಡು ವರ್ಷ ಅವಳು ಹಾಡದಿರಲಿ, ಕೇಳಲಿ. ಮಲಗುವ ಮುನ್ನ ಮನಸೂರರ ಒಂದು ಹಾಡು ಕೇಳಿದರೆ ಸಾಕು, ನಿಷಾದ ಎಲ್ಲಿರಬೇಕೆಂಬುದು ಕಿವಿಗೆ ಮರೆಯುವುದಿಲ್ಲ. ನನಗೆ ಬೇಕಿರುವುದು ಅಷ್ಟೇ. ಕೆಟ್ಟ ಅಭ್ಯಾಸವಿಲ್ಲದೆ ಬಿಟ್ಟು ಹೋದ ಕಂಠವನ್ನು ನಾನು ತಿದ್ದಬಲ್ಲೆ. ಎರಡು ವರ್ಷ ಸುಸ್ತಿನಲ್ಲಿ ಇಳಿದ ಸ್ವರವನ್ನೇ ಹಾಡಿ ಹಾಡಿ ಅದೇ ಸರಿಯೆಂದು ನಂಬಿಕೊಂಡ ಕಂಠ ಬಂದರೆ ಅದನ್ನು ಬಿಡಿಸುವುದರಲ್ಲಿ ನನ್ನ ಹೆಣ ಬೀಳುತ್ತದೆ.

ವಿರೋಧ
ಎರಡು ವರ್ಷ ಎಂಬುದು ಸುಳ್ಳು ಲೆಕ್ಕ
(ಧಾರವಾಡದ ಪಿಯು ಕಾಲೇಜೊಂದರ ಭೌತವಿಜ್ಞಾನ ಉಪನ್ಯಾಸಕ)

ನಿಷಾದ ಇಳಿದದ್ದು ನನಗೆ ತಿಳಿಯುವುದಿಲ್ಲ, ಅಕ್ಕಾರಿಗೆ ತಿಳಿಯುತ್ತದೆ. ಅದರಲ್ಲಿ ವಾದವಿಲ್ಲ. ಆದರೆ ಅವರು ಲೆಕ್ಕಕ್ಕೆ ಇಳಿದಿರುವುದರಿಂದ ನಾನು ಬಾಯಿ ಹಾಕಬಹುದು.

ಯಾವ ಎರಡು ವರ್ಷ? ನೀಟ್‌ನಲ್ಲಿ ಮೊದಲ ಸಲಕ್ಕೆ ಸೀಟು ಸಿಗದವರು ಇನ್ನೊಂದು ವರ್ಷ ಕೂಡುತ್ತಾರೆ, ಅವರಿಗೆಂದೇ ಲಾಂಗ್ ಟರ್ಮ್ ಬ್ಯಾಚುಗಳಿವೆ. ಸಿಕ್ಕಿತು ಎನ್ನೋಣ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಅಷ್ಟರಲ್ಲಿ ಪಿಜಿ ನೀಟ್‌ನ ಪುಸ್ತಕ ತೆರೆದಿರುತ್ತದೆ. ಅದಾದ ಮೇಲೆ ಎಂಡಿ ಮೂರು ವರ್ಷ. ಎಂಜಿನಿಯರಿಂಗ್ ಆದರೆ ನಾಲ್ಕು ವರ್ಷ, ಕ್ಯಾಂಪಸ್ ಸಂದರ್ಶನ, ಬೆಂಗಳೂರು, ಬಾಡಿಗೆ ಮನೆ, ಮದುವೆ. "ಇದೊಂದು ಮುಗಿದ ಮೇಲೆ" ಎಂಬ ಮಾತು ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಹುಟ್ಟಿದ ಮೇಲೆ ಸತ್ತದ್ದಿಲ್ಲ. ಹದಿನಾರಕ್ಕೆ ಹಾಕಿದ ಗವಸನ್ನು ಮೂವತ್ತಕ್ಕೆ ಬಿಚ್ಚಿದರೆ ಒಳಗಿನ ಸೋರೆಬುರುಡೆ ಸೀಳಿರುತ್ತದೆ. ಮೇ ತಿಂಗಳ ಮಾರನೆಯ ವಾರ ಬರುತ್ತಾಳೆ ಎಂಬುದು ಅಕ್ಕಾರ ದೊಡ್ಡ ಮನಸ್ಸು. ಆ ವಾರ ಅವಳು ಕೌನ್ಸೆಲಿಂಗ್‌ಗೆ ಬೇಕಾದ ಜಾತಿ ಪ್ರಮಾಣಪತ್ರ ಹಿಡಿದು ತಹಶೀಲ್ದಾರ್ ಕಚೇರಿಯ ಸಾಲಿನಲ್ಲಿ ನಿಂತಿರುತ್ತಾಳೆ.

ಸಂಗೀತ ಬಿಟ್ಟರೆ ಆ ಸಮಯವೆಲ್ಲ ಓದಿಗೆ ಹೋಗುತ್ತದೆಂಬ ನಂಬಿಕೆಯೂ ನನಗಿಲ್ಲ. ಸ್ಟಡಿ ಅವರ್ ಎಂದು ರಾತ್ರಿ ಹತ್ತೂವರೆಯವರೆಗೆ ಕೂರಿಸುತ್ತಾರಲ್ಲ, ಆ ಹಾಲ್‌ಗಳಲ್ಲಿ ನಾನು ಮೇಲ್ವಿಚಾರಣೆಗೆ ಓಡಾಡಿದ್ದೇನೆ. ಒಂಬತ್ತಕ್ಕೆ ತೆರೆದ ಪುಟವೇ ಹತ್ತಕ್ಕೂ ತೆರೆದಿರುತ್ತದೆ. ಪೆನ್ನು ಮಾತ್ರ ಪುಟದ ಅಂಚಿನಲ್ಲಿ ಹೂಬಳ್ಳಿ ಬರೆಯುತ್ತಿರುತ್ತದೆ. ಬಿಡಿಸುವ ಕೈ ಸುಮ್ಮನಿರುವುದಿಲ್ಲ, ಹಾಡುವ ಬಾಯಿ ಗುನುಗುವುದನ್ನು ಬಿಡುವುದಿಲ್ಲ. ಅದಕ್ಕೊಂದು ಅರ್ಧ ಗಂಟೆ ಹಕ್ಕಿನಿಂದ ಕೊಡುವ ಬದಲು ಕದ್ದು ಮಾಡುವಂತೆ ಮಾಡಿದ್ದೇವೆ.

ಈಗ ನನ್ನ ಪಾಠಕ್ಕೆ ಬರುತ್ತೇನೆ. ಪ್ರಥಮ ಪಿಯುಸಿಯಲ್ಲಿ ತರಂಗಗಳ ಅಧ್ಯಾಯವಿದೆ. ಅದರಲ್ಲಿ ಬೀಟ್ಸ್ ಬರುತ್ತದೆ. 220 ಹರ್ಟ್ಸ್‌ನ ಒಂದು ಸ್ವರ, 222ರ ಇನ್ನೊಂದು, ಎರಡನ್ನೂ ಒಟ್ಟಿಗೆ ನುಡಿಸಿದರೆ ಸದ್ದು ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. ಬೋರ್ಡಿನ ಮೇಲೆ ವ್ಯವಕಲನ ಬರೆದು ಮುಗಿಸುವ ಪಾಠ ಇದು, ಹತ್ತು ನಿಮಿಷವೂ ಬೇಡ. ಒಮ್ಮೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ತಂಬೂರಿಯ ಜೋಡಿ ತಂತಿ ಕೂಡಿಸುವಾಗ ಇದೇ ಕೇಳಿಸುತ್ತದೆ. ಬಿರಡೆ ತಿರುಗಿಸುತ್ತ ಬಂದ ಹಾಗೆ ಆ ತುಯ್ದಾಟ ನಿಧಾನವಾಗುತ್ತದೆ. ಆಮೇಲೆ ಕೆಳಗಿನ ಮಣಿ ಸರಿಸುತ್ತೇವೆ. ತುಯ್ದಾಟ ನಿಂತರೆ ಕೂಡಿತು ಎಂದು ಅರ್ಥ" ಎಂದಳು. ಇಡೀ ತರಗತಿ ತಿರುಗಿ ನೋಡಿತು. ಆವೃತ್ತಿಗಳ ವ್ಯತ್ಯಾಸ ಸೊನ್ನೆಗೆ ಹೋಗುವುದನ್ನು ಆ ಮಗು ಸೂತ್ರ ಕಲಿಯುವ ಮೊದಲೇ ಬೆರಳಲ್ಲಿ ಕಲಿತಿತ್ತು. ನಾನು ಆ ಪಾಠವನ್ನು ಈಗ ತಂಬೂರಿಯಿಂದಲೇ ಶುರು ಮಾಡುತ್ತೇನೆ.

ಸಂಗೀತ ಕಲಿತರೆ ಭೌತವಿಜ್ಞಾನದಲ್ಲಿ ಅಂಕ ಹೆಚ್ಚುತ್ತದೆ ಎಂದು ಇದರಿಂದ ಯಾರೂ ತಿಳಿಯಬಾರದು. ಆ ಅಗ್ಗದ ವಾದ ನನಗೆ ಬೇಡ. ನೀಟ್‌ನಲ್ಲಿ ಭೌತವಿಜ್ಞಾನಕ್ಕೆ 45 ಪ್ರಶ್ನೆ, ಅದರಲ್ಲಿ ಬೀಟ್ಸ್ ಮೇಲೆ ಒಂದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಹೇಳುತ್ತಿರುವುದು ಕುತೂಹಲದ ಬಗ್ಗೆ. ಸಿ.ವಿ. ರಾಮನ್ ನಮ್ಮ ವಾದ್ಯಗಳ ಹಿಂದೆ ಬಿದ್ದದ್ದು ಇಂಥ ಕುತೂಹಲದಿಂದಲೇ. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಎರಡನೆಯ ಹಾರ್ಮೋನಿಕ್ (ಮೂಲ ಸ್ವರದ ಎರಡು ಪಟ್ಟು ಆವೃತ್ತಿಯ ಉಪಸ್ವರ) ಹುಟ್ಟಬಾರದು ಎಂಬುದು ಆಗಿನ ನಿಯಮ. ತಂಬೂರಿ ಮತ್ತು ವೀಣೆಯಲ್ಲಿ ಅಂಥ ಸ್ವರಗಳು ಗಟ್ಟಿಯಾಗಿಯೇ ಕೇಳಿಸುತ್ತವೆ ಎಂದು ಅವರು 1921ರಲ್ಲಿ ಪ್ರಕಟಿಸಿದರು. ಕಾರಣ ತಂತಿಗೆ ಆಸರೆಯಾದ ಕುದುರೆಯ ಮೈಯಲ್ಲಿದೆ: ತಂತಿ ಚೂಪಾದ ಅಂಚಿನ ಮೇಲಲ್ಲ, ಬಾಗಿದ ಅಗಲ ಮೈಯ ಮೇಲೆ ತಾಗಿ ತಾಗಿ ಬಿಡುತ್ತದೆ. ಜವಾರಿ (ತಂತಿಯ ಝೇಂಕಾರ) ತೆರೆಯಲೆಂದು ತಂತಿಯ ಕೆಳಗೆ ತುರುಕುವ ಹತ್ತಿಯ ದಾರದ ಮಹಿಮೆಯೂ ಅಲ್ಲೇ ಇದೆ.

ತಬಲಾದ್ದು ಇನ್ನೂ ಸ್ವಾರಸ್ಯ. ಬರಿಯ ಚರ್ಮದ ಗುಂಡು ಹೊದಿಕೆಗೆ ಪೆಟ್ಟು ಕೊಟ್ಟರೆ ಮೂಲ ಸ್ವರದ ಜೊತೆ ಹುಟ್ಟುವ ಉಪಸ್ವರಗಳು ಅದರ 1.59 ಪಟ್ಟು, 2.14 ಪಟ್ಟು, 2.30 ಪಟ್ಟು, ಹೀಗೆ ಅಡ್ಡಾದಿಡ್ಡಿ ಇರುತ್ತವೆ. ಆದ್ದರಿಂದಲೇ ಡೊಳ್ಳಿಗೆ ಗುಡುಗಿದೆ, ಶ್ರುತಿಯಿಲ್ಲ. ನಡುವೆ ಪದರ ಪದರವಾಗಿ ಶಾಯಿ ಎಂಬ ಕಪ್ಪು ಲೇಪ ಮೆತ್ತಿದ ಕೂಡಲೇ ಅವು ಸಾಲಿಗೆ ಬರುತ್ತವೆ. ಮೊದಲ ಒಂಬತ್ತು ಬಗೆಯ ಕಂಪನಗಳು ಕೂಡಿಕೊಂಡು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪೂರ್ಣಾಂಕದ ಅನುಪಾತದ ಐದು ಸ್ವರಗಳಾಗುತ್ತವೆ. ರಾಮನ್ ಈ ತಾಳವಾದ್ಯಗಳ ಬಗ್ಗೆ ಮೊದಲು ಬರೆದದ್ದು 1920ರಲ್ಲಿ, ನೊಬೆಲ್ ಬಂದ ಮೇಲೂ ಅದೇ ವಿಷಯಕ್ಕೆ ಮರಳಿದರು. ಶಾಯಿ ಹಾಕುವುದನ್ನು ಕಂಡುಹಿಡಿದ ಹೆಸರಿಲ್ಲದ ಕುಶಲಕರ್ಮಿ ಯಾವ ಕಾಂಬಿನೇಷನ್ ತೆಗೆದುಕೊಂಡಿದ್ದನೋ!

ರಾಮನ್ ಬಗ್ಗೆ ಇನ್ನೊಂದು ವಿಷಯ ನಮ್ಮ ಪಾಲಕರಿಗೆ ಗೊತ್ತಿರಬೇಕು. 1907ರಿಂದ 1917ರವರೆಗೆ ಅವರು ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿ. ಕಚೇರಿಗೆ ಹೋಗುವ ಮೊದಲು ಮತ್ತು ಕಚೇರಿ ಬಿಟ್ಟ ಮೇಲೆ ಕಲ್ಕತ್ತಾದ ವಿಜ್ಞಾನ ಸಂಸ್ಥೆಯೊಂದರಲ್ಲಿ ಪ್ರಯೋಗ ಮಾಡುತ್ತಿದ್ದರು. ಅಂದರೆ ಆ ಹತ್ತು ವರ್ಷ ಅವರ ಪಾಲಿಗೆ ವಿಜ್ಞಾನವೇ ಸಂಜೆಯ ಪಾಠ. "ಸಾಹೇಬರೇ, ಕಾಯಂ ನೌಕರಿ, ಒಳ್ಳೆಯ ಸಂಬಳ, ಈ ಪಿಟೀಲಿನ ಗೀಳು ಸ್ವಲ್ಪ ದಿನ ಬದಿಗಿಡಿ" ಎಂದು ಬುದ್ಧಿ ಹೇಳುವವರು ಆಗಲೂ ಇದ್ದಿರಬೇಕು.

ದೊಡ್ಡವರ ಹೆಸರು ಹೇಳಬೇಡಿ ಎಂದು ಅಕ್ಕಾರು ಗದರಿದ್ದಾರೆ. ಆದರೆ ಅವರೇ ಪಟ್ಟಿಯಿಂದ ಒಬ್ಬರನ್ನು ಬಿಟ್ಟಿದ್ದಾರೆ. ಗಾಯಕಿ ಗಂಗೂಬಾಯಿ ಹಾನಗಲ್ಲರು ಗುರು ಸವಾಯಿ ಗಂಧರ್ವರ ಬಳಿ ಕಲಿತದ್ದು ಎಲ್ಲವನ್ನೂ ಬಿಟ್ಟು ಅಲ್ಲ. ಹುಬ್ಬಳ್ಳಿಯಲ್ಲಿ ಮನೆ, ಮಕ್ಕಳು, ಸಂಸಾರದ ಭಾರ ಎಲ್ಲ ಇತ್ತು. ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಅವರಿಗೆ ಯಾರೂ ನಿಶ್ಚಿಂತೆಯ ಹತ್ತು ವರ್ಷ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಇನ್ನು ನಮ್ಮದೇ ಕರ್ನಾಟಕ ಕಾಲೇಜು. ಗಿರೀಶ ಕಾರ್ನಾಡರು ಅಲ್ಲಿ ಓದಿ 1958ರಲ್ಲಿ ಪದವಿ ಪಡೆದರು. ವಿಷಯ ಗಣಿತ ಮತ್ತು ಸಂಖ್ಯಾಶಾಸ್ತ್ರ. ಅವರು ಮುಂದೆ ಏನಾದರು ಎಂಬುದನ್ನು ಧಾರವಾಡದವರಿಗೆ ಹೇಳಬೇಕಿಲ್ಲ. ಸಾಧನಕೇರಿಯ ಬೇಂದ್ರೆಯವರಂತೂ ಕೊನೆಯ ವರ್ಷಗಳಲ್ಲಿ ಸಿಕ್ಕವರ ಮುಂದೆಲ್ಲ ಅಂಕಿಸಂಖ್ಯೆಗಳನ್ನು ಹರವಿಕೊಂಡು ಕೂಡುತ್ತಿದ್ದರು. ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗುತ್ತಾರೆ ಎಂಬ ಗಾದೆ ನಮ್ಮೂರಿನಲ್ಲಿ ಅಷ್ಟಾಗಿ ನಡೆದಿಲ್ಲ.

ಆದರೂ ಒಪ್ಪಿಕೊಳ್ಳೋಣ, ನನ್ನ ತರಗತಿಯ ಆ ಹುಡುಗಿ ಗಂಗೂಬಾಯಿ ಆಗುವುದಿಲ್ಲ. ಅವಳು ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಮಕ್ಕಳ ಡಾಕ್ಟರ್ ಆಗುತ್ತಾಳೆ. ನನ್ನ ವಾದ ನಿಂತಿರುವುದೇ ಅವಳ ಮೇಲೆ. ಅಕ್ಕಾರು ಸಂಗೀತವನ್ನು ಹಾಡುವವರ ಕಡೆಯಿಂದ ನೋಡುತ್ತಿದ್ದಾರೆ, ನಾನು ಕೇಳುವವರ ಸಾಲಿನಲ್ಲಿ ಕೂಡುವವನು. ಧಾರವಾಡದ ಸಂಗೀತವನ್ನು ಬರೀ ಗಾಯಕರು ಉಳಿಸಲಿಲ್ಲ. ತಮ್ಮ ಮನೆಯ ಪಡಸಾಲೆಯಲ್ಲಿ ಬೈಠಕ್ ಇಡಿಸಿದ ಡಾಕ್ಟರು, ವಕೀಲರು, ಮಾಸ್ತರರು ಉಳಿಸಿದರು. ಅವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಅಷ್ಟಿಷ್ಟು ಹಾಡಿದವರು, ಪೇಟಿ ನುಡಿಸಿದವರು. ವಿಲಂಬಿತ (ನಿಧಾನ ಲಯದ) ಏಕತಾಲದ ಹನ್ನೆರಡು ಮಾತ್ರೆ ಸುಮಾರು ಒಂದು ನಿಮಿಷದಷ್ಟು ಹಿಗ್ಗಿದಾಗ ಸಮ, ಅಂದರೆ ತಾಳದ ಮೊದಲ ಮಾತ್ರೆ, ಎಲ್ಲಿ ಬೀಳುತ್ತದೆಂದು ಮೈಯೆಲ್ಲ ಕಿವಿಯಾಗಿ ಕಾಯುವವನು, ಬಿದ್ದ ಕೂಡಲೇ ತಾನೂ ತಲೆದೂಗುವವನು, ಅವನು ಎದುರಿಗೆ ಕುಳಿತಿದ್ದರೆ ಹಾಡುವವರ ಹಾಡೇ ಬೇರೆಯಾಗುತ್ತದೆ. ಅಂಥ ಕೇಳುಗನನ್ನು ಯಾವ ಆ್ಯಪ್ ತಯಾರು ಮಾಡುತ್ತದೆ?

ಹದಿನಾರನೆಯ ವಯಸ್ಸಿನ ಬಗ್ಗೆ ನನ್ನ ಹಟ ಇರುವುದು ಇದಕ್ಕೇ. ಹತ್ತನೆಯ ತರಗತಿಯವರೆಗೆ ಮಕ್ಕಳು ಕಲಿಯುವುದು ಸಾಮಾನ್ಯವಾಗಿ ಅಲಂಕಾರ, ಛೋಟಾ ಖ್ಯಾಲ್, ಒಂದಷ್ಟು ಭಜನೆ, ವಚನ. ತೀನ್‌ತಾಲದ ಹದಿನಾರು ಮಾತ್ರೆ ಕೈಯಲ್ಲಿ ಕೂತಿರುತ್ತದೆ. ವಿಲಂಬಿತಕ್ಕೆ ಕಾಲಿಡುವುದು ಆಮೇಲೆ. ಅಂದರೆ ನಾವು ಪಾಠ ಬಿಡಿಸುತ್ತಿರುವುದು ಸರಿಯಾಗಿ ಹೊಸ್ತಿಲ ಮೇಲೆ. ಒಳಗೆ ಹೋಗದ ಈ ಮಕ್ಕಳು ಮುಂದೆ ಕಛೇರಿಗೆ ಬಂದರೂ ವಿಲಂಬಿತದ ಬಡಾ ಖ್ಯಾಲ್ ಮುಗಿಯುವವರೆಗೆ ಮೊಬೈಲ್ ನೋಡುತ್ತಾರೆ, ಅಭಂಗ ಬಂದಾಗ ಚಪ್ಪಾಳೆ ಹಾಕುತ್ತಾರೆ. ಸೃಜನಾ ರಂಗಮಂದಿರದಲ್ಲಿ ಒಳ್ಳೆಯ ಕಛೇರಿಯಿದ್ದ ದಿನ ಮುಂದಿನ ಸಾಲುಗಳನ್ನು ನೋಡಿ. ನರೆತ ತಲೆಗಳೇ ಹೆಚ್ಚು. ಅವರ ನಂತರ ಆ ಕುರ್ಚಿಗಳಲ್ಲಿ ಕೂಡಬೇಕಾದವರು ಈಗ ಸಪ್ತಾಪುರದಲ್ಲಿ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಾರೆ. ಅರೆಮನಸ್ಸಿನ ಹಾಡು ಬೇಡ ಎನ್ನುವ ಅಕ್ಕಾರೇ, ನಾಳೆ ನಿಮ್ಮ ಒಬ್ಬ ಒಳ್ಳೆಯ ಶಿಷ್ಯೆ ಪೂರ್ತಿ ಹಾಡುವಾಗ ಕೇಳುವವರು ಯಾರು?

ವ್ಯವಸ್ಥೆಯ ದೂರನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವುದೇ. ಹಿಂದುಸ್ತಾನಿ ಸಂಗೀತ ಪಿಯುಸಿಯಲ್ಲಿ ಪರೀಕ್ಷೆಯಿರುವ ವಿಷಯ, ಆದರೆ ಕಲಾ ವಿಭಾಗದವರಿಗೆ. ಪಿಸಿಎಂ ಜೊತೆ ಅದು ಕೂಡುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ ಮತ್ತು ವಿಜ್ಞಾನದ ನಡುವೆ ಗೋಡೆ ಬೇಡ ಎಂದಿತು. ರಾಜ್ಯದ ಪದವಿ ಕಾಲೇಜುಗಳಲ್ಲಿ 2021-22ರಿಂದ ಅದು ಬಂತು, 2024-25ರಲ್ಲಿ ಹೋಯಿತು. ಪಿಯುಸಿಯ ಗೋಡೆ ಆಗಲೂ ನಿಂತಿತ್ತು, ಈಗಲೂ ನಿಂತಿದೆ. ಗೋಡೆ ಬೀಳುವವರೆಗೆ ಕಾಯುತ್ತ ಕೂತರೆ ಈಗಿನ ಮಕ್ಕಳಿಗೆ ಮೊಮ್ಮಕ್ಕಳಾಗುತ್ತವೆ.

ಆದ್ದರಿಂದ ಇರುವುದರಲ್ಲೇ ಏನು ಮಾಡಬಹುದು ಎಂಬುದು ನನ್ನ ಚಿಂತೆ. ಬಿಡುವುದಾದರೆ ಬಿಡಬೇಕಾದವು ಬೇರೆ ಇವೆ. ಸ್ಪರ್ಧೆ ಬಿಡಲಿ, ಕಾಲೇಜು ವಾರ್ಷಿಕೋತ್ಸವದ ಸ್ವಾಗತಗೀತೆ ಬಿಡಲಿ, ಗಾಂಧರ್ವದ ಪರೀಕ್ಷೆಯನ್ನೂ ಮುಂದೂಡಲಿ (ಇಲ್ಲಿ ಅಕ್ಕಾರಿಗೂ ನನಗೂ ಒಮ್ಮತ). ಇಡೀ ವರ್ಷಕ್ಕೆ ಒಂದೇ ರಾಗ ಇಟ್ಟುಕೊಳ್ಳಲಿ. ದಿನಕ್ಕೆ ಅರ್ಧ ಗಂಟೆ, ರಾತ್ರಿ ಊಟದ ನಂತರವಲ್ಲ, ಕಾಲೇಜು ಬಿಟ್ಟ ಕೂಡಲೇ, ದಣಿವು ಏರುವ ಮುನ್ನ. ಇಳಿದ ನಿಷಾದಕ್ಕೆ ದಣಿವು ಕಾರಣವಾದರೆ ಹೊತ್ತು ಬದಲಿಸುವುದು ಮೊದಲ ಚಿಕಿತ್ಸೆ, ಪಾಠ ನಿಲ್ಲಿಸುವುದು ಕೊನೆಯದು. ಹಾಸ್ಟೆಲ್‌ನಲ್ಲಿ ಗದ್ದಲವಾಗುತ್ತದೆ ಎನ್ನುವುದಾದರೆ, ಮೊಬೈಲಿನ ತಂಬೂರಿಯನ್ನು ಇಯರ್‌ಫೋನ್‌ನಲ್ಲಿ ಹಾಕಿಕೊಂಡು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ತಂತಿಗಳ ನಡುವೆ ನಿಂತು ಹಾಡುವ ಹುಡುಗನೊಬ್ಬನನ್ನು ನಾನು ಬಲ್ಲೆ. ಅವನ ವಾರ್ಡನ್ ಮೊದಲು ಗೊಣಗಿ, ಈಗ ಸಂಜೆ ಆರರಿಂದ ಆರೂವರೆ ಅವನದೆಂದು ಬಿಟ್ಟುಕೊಟ್ಟಿದ್ದಾನೆ. ಬದಲಿಗೆ ಶನಿವಾರ ಒಂದು ದಾಸರ ಪದ ಹಾಡಬೇಕಂತೆ.

ಉಳಿದದ್ದು ತೋಡಿ. ಹಗಲಿನ ರಾಗಗಳೆಲ್ಲ ಕೋಚಿಂಗ್‌ನವರ ಪಾಲಾದವು, ಭಾನುವಾರವೂ ಟೆಸ್ಟ್ ಎಂಬ ಅಕ್ಕಾರ ದೂರು ನ್ಯಾಯವಾದದ್ದು, ಮತ್ತು ಅದನ್ನು ಸರಿಪಡಿಸುವುದು ನಮ್ಮಂಥ ಪಾಠ ಹೇಳುವವರ ಕೈಯಲ್ಲೇ ಇದೆ. ನೀಟ್ ಪರೀಕ್ಷೆ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ. ಅದರ ಅಭ್ಯಾಸ ಪರೀಕ್ಷೆಯನ್ನು ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಇಡುವುದು ಮಕ್ಕಳ ಅನುಕೂಲಕ್ಕಲ್ಲ, ಮಧ್ಯಾಹ್ನದ ಮೇಲೆ ನಮಗೆ ರಜೆ ಬೇಕು ಎಂಬುದಕ್ಕೆ. ಎರಡು ಗಂಟೆಗೆ ಇಟ್ಟರೆ, ಊಟದ ಮೇಲಿನ ಜೋಂಪಿನಲ್ಲೂ 180 ಪ್ರಶ್ನೆ ಬಿಡಿಸುವ ರೂಢಿ ಅವರಿಗೆ ಆಗುತ್ತದೆ. ಮೇ ತಿಂಗಳ ಆ ಸೆಕೆಯ ಮಧ್ಯಾಹ್ನ ಬೇಕಾಗುವುದು ಅದೇ. ಬೆಳಗಿನ ಒಂಬತ್ತರಿಂದ ಹನ್ನೊಂದು ಖಾಲಿ ಉಳಿಯುತ್ತದೆ. ನಮ್ಮ ವಿಭಾಗದ ಮುಂದಿನ ಸಭೆಯಲ್ಲಿ ನಾನು ಇದನ್ನು ಬರೆದುಕೊಡುತ್ತೇನೆ. ಆ ಎರಡು ತಾಸು ಮಾಳಮಡ್ಡಿಯಲ್ಲಿ ಚಾಪೆ ಹಾಸಿಡುವುದು ಅಕ್ಕಾರ ಕೆಲಸ.